ತೈಲವರ್ಣದ ಮುಖಚಿತ್ರ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ನಿಂತವರು, ಆ ಮೈಬಣ್ಣದ ಕಾಂತಿಯು ಹೇಗೆ ಮೂಡಿತೆಂದು ವಿಸ್ಮಯಪಡುವುದುಂಟು. ಆ ರಹಸ್ಯದ ಒಂದು ಭಾಗವು ಎಣ್ಣೆಯಲ್ಲಿದೆ.

ಬಣ್ಣವನ್ನು ಕಲಸುವ ಅಗಸೆಯೆಣ್ಣೆಯು ನೀರಿನಂತೆ ಆವಿಯಾಗಿ ಆರತಕ್ಕುದಲ್ಲ; ಗಾಳಿಯ ಆಮ್ಲಜನಕವನ್ನು ಹೀರಿ ದಿನಗಟ್ಟಲೆ ಮೆಲ್ಲಮೆಲ್ಲನೆ ಗಟ್ಟಿಯಾಗತಕ್ಕುದು. ಆದುದರಿಂದಲೇ ಕೆನ್ನೆಯ ಬೆಳಕನ್ನು ನೆರಳಿನೊಳಕ್ಕೆ ಗೆರೆ ತೋರದಂತೆ ಕರಗಿಸಲು ನಮಗೆ ಅವಕಾಶ ದೊರೆಯುವುದು.

ಆದರೆ ಕಣ್ಣು ಮೂಗುಗಳಿಂದ ನಾವು ಆರಂಭಿಸಬಾರದು. ಒಂದೇ ಕಡೆಯಿಂದ ಬೆಳಕು ಬೀಳುವಂತೆ ವ್ಯಕ್ತಿಯನ್ನು ಕುಳ್ಳಿರಿಸಿ, ಕಣ್ಣನ್ನು ಅರೆಮುಚ್ಚಿ ನೋಡಿದರೆ, ಮುಖವು ಬೆಳಕು ನೆರಳುಗಳೆಂಬ ಎರಡು ರಾಶಿಗಳಾಗಿ ಕಾಣುವುದು. ಹೋಲಿಕೆಯು ಮೊದಲು ಆ ರಾಶಿಗಳಲ್ಲಿದೆ, ರೆಪ್ಪೆಯ ಕೂದಲಿನಲ್ಲಲ್ಲ. ಅವನ್ನು ಟರ್ಪೆಂಟೈನ್ ಬೆರೆಸಿದ ಕಾವಿಬಣ್ಣದಿಂದ ತೆಳುವಾಗಿ ಹಚ್ಚಿಕೊಂಡು, ಮೇಲಿನ ಪದರಗಳಲ್ಲಿ ಎಣ್ಣೆಯನ್ನು ಹೆಚ್ಚಿಸುತ್ತ ಹೋಗಬೇಕು. ಈ ಕ್ರಮವು ತಲೆಕೆಳಗಾದರೆ, ಕೆಳಪದರವು ಆರುವ ಮೊದಲೇ ಮೇಲ್ಪದರವು ಬಿಗಿದು, ಕಾಲಕ್ರಮದಲ್ಲಿ ಚಿತ್ರವು ಬಿರಿಯುವುದು.

1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಪಾಶ್ಚಾತ್ಯ ಚಿತ್ರಕಾರನು ತಿರುವಾಂಕೂರಿನ ಆಸ್ಥಾನಕ್ಕೆ ಬಂದನು. ಆತನು ಇಪ್ಪತ್ತು ವರ್ಷದ ರವಿವರ್ಮನಿಗೆ ಪಾಠ ಹೇಳಲಿಲ್ಲ. ತಾನು ಚಿತ್ರಿಸುವುದನ್ನು ನೋಡಲು ಮಾತ್ರ ಒಪ್ಪಿದನು. ಆ ನೋಟವೇ ತರುಣನಿಗೆ ಪಾಠವಾಯಿತು.

ನಾವೂ ಕುಂಚವನ್ನು ಆಡಿಸುವುದಕ್ಕಿಂತ ಹೆಚ್ಚು ಹೊತ್ತು ಮುಖವನ್ನು ನೋಡತಕ್ಕದ್ದು. ಎದುರಿಗೆ ಕುಳಿತವರು ಎಂದೆಂದಿಗೂ ಇರುವವರಲ್ಲ. ಅವರಿಲ್ಲದ ಮನೆಯಲ್ಲಿ ಮೊಮ್ಮಕ್ಕಳು ತಲೆಯೆತ್ತಿ ನೋಡಿದಾಗ, ನಾವು ಕಂಡಷ್ಟೇ ಅವರಿಗೂ ಕಾಣುವುದು. ನಾವು ಕಾಣದೆ ಬಿಟ್ಟುದು ಅವರ ಪಾಲಿಗೆ ಇಲ್ಲವೇ ಆಗುವುದು.