ಕೂಡದ ಮೂಳೆಗೆ ರಕ್ತದ ದಾರಿ

ಬೈಕಿನಿಂದ ಬಿದ್ದವರು ಮೊದಲು ಅಂಗೈ ಊರುತ್ತಾರೆ. ಮಣಿಕಟ್ಟು ಊದಿಕೊಂಡರೆ ಉಳುಕೆಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ತಿಂಗಳುಗಳು ಕಳೆದರೂ ನೆಲಕ್ಕೆ ಕೈಯೂರಿ ಏಳುವಾಗ ಅದೇ ನೋವು. ಎಕ್ಸ್-ರೇ ತೆಗೆಸಿದಾಗ ಹೆಬ್ಬೆರಳಿನ ಬುಡದಲ್ಲಿರುವ, ಗೋಡಂಬಿಯಂಥ ಸ್ಕೇಫಾಯ್ಡ್ ಮೂಳೆ ಎರಡು ತುಂಡಾಗಿಯೇ ಉಳಿದಿರುವುದು ಕಾಣುತ್ತದೆ.

ಮೂಳೆ ಕೂಡದಿರಲು ಮುಖ್ಯ ಕಾರಣ ರಕ್ತದ ಕೊರತೆ. ಸ್ಕೇಫಾಯ್ಡ್‌ನ ಬಹುಪಾಲು ಮೈ ಮೃದ್ವಸ್ಥಿಯಿಂದ ಮುಚ್ಚಿದೆ, ರಕ್ತನಾಳ ಒಳಹೊಗಲು ಜಾಗವೇ ಕಡಿಮೆ. ಮುಖ್ಯ ನಾಳ ಕೈಯ ಹಿಂಬದಿಯಿಂದ ಹೊಕ್ಕು, ಮೂಳೆಯೊಳಗೆ ಮೊಣಕೈಯತ್ತ ಹಿಮ್ಮುಖವಾಗಿ ಸಾಗುತ್ತದೆ. ಮೂಳೆ ನಡುಭಾಗದಲ್ಲಿ ಮುರಿದರೆ ಮೊಣಕೈಯತ್ತಣ ಆಚೆ ತುಂಡಿಗೆ ರಕ್ತ ತಲುಪುವುದೇ ಕಷ್ಟ.

1937ರಲ್ಲಿ ಸ್ವಿಟ್ಜರ್ಲೆಂಡಿನ ಹರ್ಮನ್ ಮಟ್ಟಿ ಎರಡೂ ತುಂಡುಗಳ ಒಳಭಾಗ ಕೆರೆದು, ರೋಗಿಯದೇ ಮೂಳೆಯ ಮೆದು ಭಾಗವನ್ನು ಅಲ್ಲಿ ತುಂಬಿದರು. ಆದರೆ ಕೊಯ್ದದ್ದು ಹಿಂಬದಿಯಿಂದ, ಅಂದರೆ ನಾಳವಿರುವ ಕಡೆಯಿಂದಲೇ. 1960ರಲ್ಲಿ ಆಸ್ಟ್ರಿಯಾದ ಒಟ್ಟೊ ರುಸ್ಸೆ ಅಂಗೈ ಬದಿಯಿಂದ ಒಳಹೋಗುವ ವಿಧಾನ ಪ್ರಕಟಿಸಿದರು. ಈ ಕಥೆಯ ಅತಿ ದೊಡ್ಡ ಹೆಜ್ಜೆ ಇದೇ ಎಂದು ನನ್ನ ನಂಬಿಕೆ. ಮೂಳೆಯನ್ನು ಜೋಡಿಸುವಷ್ಟೇ ಕಾಳಜಿಯಿಂದ ಅದರ ರಕ್ತವನ್ನೂ ಕಾಯಬೇಕೆಂಬ ಎಚ್ಚರ ಇಲ್ಲಿಂದ ಗಟ್ಟಿಯಾಯಿತು.

ಕೂಡದ ಮೂಳೆ ಮುರಿದಲ್ಲಿ ಬಾಗಿ ಗೂನೂ ಆಗುತ್ತದೆ. 1984ರಲ್ಲಿ ಡಿಯೆಗೊ ಫರ್ನಾಂಡಿಸ್, ರೋಗಿಯ ಇನ್ನೊಂದು ಕೈಯ ಎಕ್ಸ್-ರೇ ನೋಡಿ ಅಳತೆ ಹಿಡಿದು, ಸೊಂಟದೆಲುಬಿನಿಂದ ಬೆಣೆಯಾಕಾರದ ತುಂಡು ತೆಗೆದು ಆ ಬಾಗನ್ನು ನೆಟ್ಟಗೆ ಮಾಡುವುದನ್ನು ವಿವರಿಸಿದರು. ಅದೇ ವರ್ಷ ಆಸ್ಟ್ರೇಲಿಯಾದ ತಿಮೋತಿ ಹರ್ಬರ್ಟ್ ತಲೆಯಿಲ್ಲದ ಸ್ಕ್ರೂ ಬಗ್ಗೆ ಬರೆದರು. ಅದರ ಎರಡೂ ತುದಿಗೆ ಮರೆ (ಥ್ರೆಡ್) ಇದೆ, ಆದರೆ ಮುಂದಿನ ಮರೆಯ ಸುತ್ತುಗಳ ನಡುವಿನ ಅಂತರ ಹೆಚ್ಚು. ಒಂದು ಸುತ್ತು ತಿರುಗಿಸಿದರೆ ಮುಂತುದಿ ಹಿಂತುದಿಗಿಂತ ಹೆಚ್ಚು ದೂರ ಸಾಗುತ್ತದೆ, ತುಂಡುಗಳು ಒಂದನ್ನೊಂದು ಬಿಗಿಯಾಗಿ ಒತ್ತುತ್ತವೆ. ಸ್ಕ್ರೂ ಪೂರ್ತಿ ಮೂಳೆಯೊಳಗೇ ಹುದುಗುತ್ತದೆ.

ಆಚೆ ತುಂಡು ರಕ್ತವಿಲ್ಲದೆ ಸತ್ತಿದ್ದರೆ? ಅದಕ್ಕೆ 1991ರಲ್ಲಿ ಅರ್ಜೆಂಟೀನಾದ ಕಾರ್ಲೋಸ್ ಜೈಡೆಂಬರ್ಗ್ ತಂಡ, ಮುಂಗೈ ಮೂಳೆಯ ಚೂರನ್ನು ಅದರ ರಕ್ತನಾಳದ ಸಮೇತ ಎತ್ತಿ ಪಕ್ಕದ ಸ್ಕೇಫಾಯ್ಡ್‌ನಲ್ಲಿ ಕೂರಿಸಿತು. ಮುಂದೆ ಜಪಾನಿನ ಕಜುತೆರು ದೋಯಿ ಮತ್ತವರ ಜೊತೆಗಾರರು ಮೊಣಕಾಲಿನ ಬಳಿಯ ತೊಡೆಮೂಳೆಯಿಂದ ಚೂರು ತಂದು, ಸೂಕ್ಷ್ಮದರ್ಶಕದಡಿ ಅದರ ನಾಳವನ್ನು ಮಣಿಕಟ್ಟಿನ ನಾಳಕ್ಕೆ ಹೊಲಿದರು.

ಇವೆಲ್ಲ ಕೀಲು ಸವೆಯುವ ಮುನ್ನ ಮಾತ್ರ. ಸವೆತ ಹರಡಿದ ಮೇಲೆ ಸ್ಕೇಫಾಯ್ಡ್ ತೆಗೆದು, ಪಕ್ಕದ ನಾಲ್ಕು ಮೂಳೆಗಳನ್ನು ಒಂದಾಗಿ ಬೆಸೆಯುವುದು ಒಂದು ದಾರಿ. ನೋವು ಇಳಿಯುತ್ತದೆ, ಆದರೆ ಮಣಿಕಟ್ಟು ಮೊದಲಿನ ಸುಮಾರು ಅರ್ಧದಷ್ಟೇ ಬಾಗುತ್ತದೆ.