ಥ್ರಿಲ್ಲರ್ ಮಾಡೋದು ಸರಿ, ನೋಡೋರು ಯಾರು?

ಕಳೆದ ಸೆಮಿಸ್ಟರ್‌ನಲ್ಲಿ ನಾವು ಏಳು ಜನ ಸೇರಿ ಹದಿನಾಲ್ಕು ನಿಮಿಷದ ಒಂದು ಥ್ರಿಲ್ಲರ್ ಶಾರ್ಟ್ ಫಿಲ್ಮ್ ಮಾಡಿದ್ವಿ. ಇಂಟರ್ನಲ್ಸ್‌ನ ಹಿಂದಿನ ರಾತ್ರಿ ಲ್ಯಾಬ್‌ಗೆ ಹೋದ ಹುಡುಗ ವಾಪಸ್ ಬರಲ್ಲ, ಅವನ ರೂಮ್‌ಮೇಟ್ ಹುಡುಕಿಕೊಂಡು ಹೊರಡ್ತಾನೆ. ಕಥೆ ಇಷ್ಟೇ. ಎರಡು ತಿಂಗಳು ನಿದ್ದೆಗೆಟ್ಟು ಶೂಟಿಂಗು, ಎಡಿಟಿಂಗು ಮುಗಿಸಿ ಸೆಮಿನಾರ್ ಹಾಲ್‌ನಲ್ಲಿ ಹಾಕಿದ್ವಿ. ಕತ್ತಲೆ ಕಾರಿಡಾರ್‌ನ ಕೊನೆಯಲ್ಲಿ ಇದ್ದಕ್ಕಿದ್ದಂತೆ ಒಂದು ಮುಖ ಕಾಣಿಸತ್ತೆ. ಎಲ್ಲರೂ ಬೆಚ್ಚಿಬೀಳ್ತಾರೆ ಅಂತ ಉಸಿರು ಬಿಗಿಹಿಡಿದು ಕಾಯ್ತಿದ್ವಿ. ಇಡೀ ಹಾಲ್ ಗೊಳ್ ಅಂತ ನಕ್ಕುಬಿಡ್ತು.

ಆ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಎಲ್ಲಿ ಎಡವಿದ್ವಿ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಫೆಸ್ಟ್‌ನ ಎಂಟ್ರಿ ಫಾರಂ. ಅದರಲ್ಲಿ ‘ಟಾರ್ಗೆಟ್ ಆಡಿಯನ್ಸ್’ ಅಂತ ಒಂದು ಕಾಲಂ ಇತ್ತು. ನಾವು ಎರಡು ಸೆಕೆಂಡೂ ಯೋಚನೆ ಮಾಡದೆ ‘ಎಲ್ಲರೂ’ ಅಂತ ಬರೆದಿದ್ವಿ. ತಪ್ಪು ಅಲ್ಲಿಂದಲೇ ಶುರುವಾಗಿತ್ತು. ಈ ಸಲ ಫೆಸ್ಟ್‌ಗೆ ಫಿಲ್ಮ್ ಮಾಡಬೇಕು ಅಂತಿರೋ ಜೂನಿಯರ್ಸ್‌ಗೂ, ನಮ್ಮ ಬ್ಯಾಚಿನವರಿಗೂ ನಾವು ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ.

‘ಎಲ್ಲರೂ’ ಯಾಕೆ ಉತ್ತರ ಅಲ್ಲ

ಬೇಸಿಕ್ ಎಲೆಕ್ಟ್ರಾನಿಕ್ಸ್‌ನಲ್ಲಿ ಓದಿದ್ದೀವಿ, ಲೋಡ್ ಏನು ಅಂತ ಗೊತ್ತಿಲ್ಲದೆ ಸರ್ಕ್ಯೂಟ್ ಡಿಸೈನ್ ಮಾಡೋಕೆ ಆಗಲ್ಲ. ಥ್ರಿಲ್ಲರ್ ಕೂಡ ಹಾಗೇ. ಕಾಮಿಡಿಗೋ ಲವ್ ಸ್ಟೋರಿಗೋ ಪ್ರೇಕ್ಷಕರು ಸ್ವಲ್ಪ ಆಚೀಚೆ ಆದ್ರೂ ನಡೆಯಬಹುದು. ಥ್ರಿಲ್ಲರ್ ನಿಂತಿರೋದೇ ಪ್ರೇಕ್ಷಕರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನೋ ಲೆಕ್ಕದ ಮೇಲೆ.

ಹಿಚ್‌ಕಾಕ್ ಕೊಡ್ತಿದ್ದ ಉದಾಹರಣೆ ತುಂಬ ಫೇಮಸ್. ಇಬ್ಬರು ಮಾತಾಡ್ತಾ ಕೂತಿದ್ದಾರೆ, ಟೇಬಲ್ ಕೆಳಗಿದ್ದ ಬಾಂಬ್ ಇದ್ದಕ್ಕಿದ್ದಂತೆ ಸಿಡಿಯತ್ತೆ. ಇದು ಕೆಲವೇ ಸೆಕೆಂಡಿನ ಶಾಕ್. ಅದೇ ಬಾಂಬ್ ಇದೆ ಅಂತ ನಮಗೆ ಮೊದಲೇ ತೋರಿಸಿ, ಆ ಇಬ್ಬರಿಗೆ ಗೊತ್ತಿಲ್ಲದ ಹಾಗೆ ಮಾತು ಮುಂದುವರಿಸಿದ್ರೆ ಅಷ್ಟೂ ಹೊತ್ತು ನಾವು ಸೀಟಿನ ತುದೀಲಿ. ಅಂದ್ರೆ ಪ್ರೇಕ್ಷಕರ ತಲೆಯಲ್ಲಿ ಈಗ ಏನಿದೆ ಅಂತ ಬರೆಯೋರಿಗೆ ಗೊತ್ತಿರಲೇಬೇಕು. ‘ಎಲ್ಲರ’ ತಲೆಯಲ್ಲೂ ಏನಿದೆ ಅಂತ ಹೇಗೆ ಗೊತ್ತಾಗತ್ತೆ?

ಕನ್ನಡದಲ್ಲೇ ಒಳ್ಳೆ ಉದಾಹರಣೆ ಇದೆ. ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಶುರುವಾಗೋದು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ. ಡಿವೈಡರ್ ಕಲ್ಲು ಸರಿಸಿ ಅಡ್ಡದಾರೀಲಿ ತಿರುಗಿಸ್ಕೊಳ್ಳೋ ಟೂ ವೀಲರ್‌ನವರು ಆ ಕಥೆಯ ಬೇರು. ಸಿಟಿಯಲ್ಲಿ ಗಾಡಿ ಓಡಿಸೋ ಯಾರೇ ಆಗಲಿ, ‘ಅಯ್ಯೋ, ನಾನೂ ಒಂದಿನ ಹೀಗೆ ಮಾಡಿದ್ನಲ್ಲ’ ಅಂದುಕೊಳ್ತಾರೆ. ಭಯ ಹುಟ್ಟೋದು ದೆವ್ವದಿಂದಲ್ಲ, ಆ ನೆನಪಿನಿಂದ. ಇಂಥ ನೆನಪು ಬೇರೆ ಊರಿನವರಿಗೂ ಇರತ್ತೆ. ಅದಕ್ಕೇ ಇರಬೇಕು, ಮಲಯಾಳಂ, ತಮಿಳು, ತೆಲುಗಿಗೂ ಅದು ರೀಮೇಕ್ ಆಯ್ತು. ಅವರದೇ ‘ಲೂಸಿಯಾ’ (2013) ಇನ್ನೊಂದು ಥರ. ಶೂಟಿಂಗ್‌ಗೆ ಮೊದಲೇ ಪ್ರೇಕ್ಷಕರೇ ದುಡ್ಡು ಹಾಕಿದ ಸಿನಿಮಾ ಅದು. ಯಾರಿಗೋಸ್ಕರ ಮಾಡ್ತಿದ್ದೀವಿ ಅನ್ನೋದಕ್ಕೆ ಅಲ್ಲಿ ಒಂದು ಲಿಸ್ಟೇ ಇತ್ತು.

ನಾವು ಈಗ ಕೇಳಿಕೊಳ್ಳೋ ಪ್ರಶ್ನೆಗಳು

ಮೊದಲನೆಯದು, ವಯಸ್ಸೆಷ್ಟು? ನಮ್ಮ ಫಿಲ್ಮ್‌ಗೆ ಯಾರೂ ಸೆನ್ಸಾರ್ ಸರ್ಟಿಫಿಕೇಟ್ ಕೇಳಲಿಲ್ಲ, ಆದ್ರೂ ಆ ಅಳತೆಗೋಲು ಉಪಯೋಗಕ್ಕೆ ಬರತ್ತೆ. 2024ರ ಹೊಸ ನಿಯಮದಲ್ಲಿ ಯುಎ ವರ್ಗವನ್ನ 7+, 13+, 16+ ಅಂತ ಮೂರು ಭಾಗ ಮಾಡಿದ್ದಾರೆ. ನಮ್ಮ ಕಥೆ ಇದರಲ್ಲಿ ಎಲ್ಲಿ ಕೂರತ್ತೆ ಅಂತ ಕೇಳಿಕೊಂಡ್ರೆ ರಕ್ತ ಎಷ್ಟು, ಬೈಗುಳ ಎಷ್ಟು ಅನ್ನೋ ಜಗಳ ಬೇಗ ಮುಗಿಯತ್ತೆ.

ಎರಡನೆಯದು, ಎಲ್ಲಿ ನೋಡ್ತಾರೆ? ‘ಸೈಕೋ’ (1960) ಬಿಡುಗಡೆಯಾದಾಗ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಹಿಚ್‌ಕಾಕ್ ಥಿಯೇಟರ್‌ನವರಿಗೆ ಹೇಳಿದ್ರು. ನಾವು ಲಂಚ್ ಬ್ರೇಕ್‌ನಲ್ಲಿ ಹಾಕಿದ್ವಿ! ಎರಡು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಸಮೋಸ ಹಿಡ್ಕೊಂಡು ಯಾರೋ ಬರೋರು, ಪರದೆ ಮೇಲಿನ ಕತ್ತಲೆಯೆಲ್ಲ ಬೆಳಕಾಗೋದು. ಇನ್ನು ಮೊಬೈಲ್‌ನಲ್ಲಿ ನೋಡೋರಿಗೆ ತುಂಬ ಕತ್ತಲೆ ಸೀನ್ ಕಾಣೋದೇ ಇಲ್ಲ, ಬರೀ ಅವರ ಮುಖ ಸ್ಕ್ರೀನ್ ಮೇಲೆ ಕಾಣತ್ತೆ. ಆದ್ರೆ ಇಯರ್‌ಫೋನ್ ಹಾಕಿರ್ತಾರೆ, ಸಣ್ಣ ಸದ್ದೂ ಕೇಳತ್ತೆ. ಹಾಗಾಗಿ ಮೊಬೈಲ್‌ಗೆ ಮಾಡೋದಾದ್ರೆ ಭಯವನ್ನ ಸೌಂಡ್‌ನಲ್ಲಿಡಿ.

ಮೂರನೆಯದು, ಭಾಷೆ. ಹಾಸ್ಟೆಲ್‌ನ ಒಂದೇ ಫ್ಲೋರ್‌ನಲ್ಲಿ ಕಲಬುರಗಿ, ಮಂಗಳೂರು, ಮೈಸೂರು ಕನ್ನಡ ಮೂರೂ ಇದೆ. ಕನ್ನಡ ಬರದವರೂ ಇದ್ದಾರೆ. ಸಬ್‌ಟೈಟಲ್ ಹಾಕಿದ್ವಿ, ಆದ್ರೆ ಪಾತ್ರ ಬಾಯಿ ತೆರೆಯೋ ಮೊದಲೇ ಗುಟ್ಟೆಲ್ಲ ಕೆಳಗೆ ಬಂದುಬಿಡ್ತಿತ್ತು. ಸಬ್‌ಟೈಟಲ್‌ನ ಟೈಮಿಂಗೂ ಥ್ರಿಲ್ಲರ್‌ನ ಭಾಗ ಅಂತ ಆಮೇಲೆ ಗೊತ್ತಾಯ್ತು.

ನಾಲ್ಕನೆಯದೇ ಮುಖ್ಯ, ಅವರಿಗೆ ಮೊದಲೇ ಏನು ಗೊತ್ತು? ಕಾರಿಡಾರ್‌ನಲ್ಲಿ ಕಂಡ ಆ ಮುಖ ನಮ್ಮ ಕ್ಲಾಸಿನ ಸಿಆರ್‌ದು. ಪ್ರತಿ ಫೆಸ್ಟ್‌ನಲ್ಲೂ ಮೈಕ್ ಹಿಡಿದು ಎಲ್ಲರನ್ನೂ ನಗಿಸೋನು ಅವನೇ. ಅವನನ್ನ ನೋಡಿ ಕ್ಯಾಂಪಸ್‌ನಲ್ಲಿ ಯಾರು ಹೆದರ್ತಾರೆ? ಬೇರೆ ಕಾಲೇಜಿನವರಿಗೆ ತೋರಿಸಿದ್ರೆ ಆ ಮುಖ ನಡೀತಿತ್ತೇನೋ. ನಮ್ಮವರಿಗೆ ತೋರಿಸೋದಾದ್ರೆ ಬರೀ ಶೂ ತೋರಿಸಿದ್ರೂ ಸಾಕಿತ್ತು.

ಇದನ್ನೆಲ್ಲ ಸರ್ವೇ ಫಾರಂ ಕಳಿಸಿ ತಿಳ್ಕೊಳ್ಳೋಕೆ ಹೋಗಬೇಡಿ. ‘ಥ್ರಿಲ್ಲರ್ ಇಷ್ಟನಾ’ ಅಂತ ಕೇಳಿದ್ರೆ ಫ್ರೆಂಡ್ಸ್ ಹೌದು ಅಂತಲೇ ಹೇಳ್ತಾರೆ. ಅದರ ಬದಲು ರಫ್ ಕಟ್‌ ಅನ್ನ ಐದಾರು ಜನಕ್ಕೆ, ಒಬ್ಬೊಬ್ಬರಿಗೇ ತೋರಿಸಿ. ನೀವು ಸ್ಕ್ರೀನ್ ನೋಡಬೇಡಿ, ಅವರ ಮುಖ ನೋಡಿ. ಮಧ್ಯದಲ್ಲಿ ಒಂದು ಸಲ ಪಾಸ್ ಮಾಡಿ, ‘ಈಗ ಯಾರ ಮೇಲೆ ಡೌಟು, ಯಾಕೆ?’ ಅಂತ ಕೇಳಿ. ಆ ಉತ್ತರವೇ ನಿಮ್ಮ ಡೇಟಾ.

ನಾವು ಲೆಕ್ಕಕ್ಕೇ ತಗೊಳ್ಳದ ಪ್ರೇಕ್ಷಕರು

ಒಂದು ವಿಷಯ ಬರೆಯೋಕೆ ಸ್ವಲ್ಪ ಮುಜುಗರ ಆಗತ್ತೆ. ನಮ್ಮ ಕಥೆಯಲ್ಲಿ ಪ್ರೇಕ್ಷಕರ ದಾರಿ ತಪ್ಪಿಸೋಕೆ ಒಬ್ಬ ವಾಚ್‌ಮ್ಯಾನ್ ಪಾತ್ರ ಇಟ್ಟಿದ್ವಿ. ಬೀಗದ ಕೈ ಗೊಂಚಲು, ಟಾರ್ಚು, ಓರೆನೋಟ ಎಲ್ಲ ಹಾಕಿ ಅವನೇ ಕಳ್ಳ ಅನ್ನೋ ಹಾಗೆ ಮಾಡಿದ್ವಿ. ರಾತ್ರಿ ಶೂಟಿಂಗ್‌ಗೆ ನಮಗೆ ಬಾಗಿಲು ತೆಗೆದುಕೊಟ್ಟು, ಮುಗಿಯೋವರೆಗೂ ಎದ್ದಿದ್ದು ಕಾಯ್ತಿದ್ದ ಸೆಕ್ಯುರಿಟಿ ಅಂಕಲ್ ಆವತ್ತು ಹಾಲ್‌ನ ಹಿಂದೆ ನಿಂತು ಪೂರ್ತಿ ನೋಡಿದ್ರು. ನಾವು ಕರೆದಿರಲಿಲ್ಲ, ಅವರಾಗೇ ಬಂದಿದ್ರು.

ಆಮೇಲೆ ಗೇಟ್ ಹತ್ತಿರ ಸಿಕ್ಕಾಗ ಹೇಳಿದ್ರು: ‘ಚೆನ್ನಾಗಿ ಮಾಡಿದೀರಪ್ಪ. ಆದ್ರೆ ಏನ್ ಕಳೆದ್ರೂ ಎಲ್ರೂ ಮೊದ್ಲು ನಮ್ಮನ್ನೇ ಕೇಳ್ತಾರೆ. ನೀವೂ ಹಂಗೇ ಮಾಡ್ಬಿಟ್ರಲ್ಲ.’

ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಕಥೆಯಲ್ಲಿ ಬರೋರೂ ನಮ್ಮ ಪ್ರೇಕ್ಷಕರೇ ಅನ್ನೋದು ಏಳು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೋಗಲಿ, ಥ್ರಿಲ್ಲರ್ ಲೆಕ್ಕದಲ್ಲಾದ್ರೂ ಅದು ಸರಿ ಇತ್ತಾ ಅಂದ್ರೆ ಅದೂ ಇಲ್ಲ. ಮಧ್ಯದಲ್ಲಿ ನಿಲ್ಲಿಸಿ ಕೇಳಿದಾಗ ಬಹಳ ಜನ ‘ವಾಚ್‌ಮ್ಯಾನ್ ಅಂತೂ ಅಲ್ಲ, ಅವನನ್ನ ಸುಮ್ನೆ ತೋರಿಸ್ತಿದ್ದೀರ’ ಅಂದ್ರು. ಸುಲಭವಾಗಿ ಸಿಗೋ ಅನುಮಾನ ಅಷ್ಟೇ ಸುಲಭವಾಗಿ ಬಿದ್ದೂ ಹೋಗತ್ತೆ.

ಹೊಸ ಕಟ್‌ನಲ್ಲಿ ಆ ಕ್ಲೋಸಪ್‌ಗಳನ್ನೆಲ್ಲ ತೆಗೆದಿದ್ದೀವಿ. ಅನುಮಾನ ಈಗ ಹುಡುಕ್ತಿರೋ ರೂಮ್‌ಮೇಟ್ ಮೇಲೇ ಬರತ್ತೆ. ಅವನು ನಮ್ಮಂಥೋನೇ, ಹಾಗಾಗಿ ಬೇಗ ಬಿಟ್ಟುಕೊಡೋಕೆ ಮನಸ್ಸಾಗಲ್ಲ. ಒಂದು ರಾತ್ರಿ ರೀಶೂಟ್ ಆಯ್ತು, ಬಾಗಿಲು ತೆಗೆದುಕೊಟ್ಟಿದ್ದು ಅದೇ ಅಂಕಲ್.

ಎಂಟ್ರಿ ಫಾರಂನಲ್ಲಿ ಈ ಸಲ ಹೀಗೆ ಬರೆದಿದ್ದೀವಿ: ‘ರಾತ್ರಿ ಹನ್ನೊಂದು ಗಂಟೆಗೆ ಹಾಸ್ಟೆಲ್ ಮಂಚದ ಮೇಲೆ ಇಯರ್‌ಫೋನ್ ಹಾಕ್ಕೊಂಡು ನೋಡೋ, ನಮ್ಮನ್ನ ಇನ್ನೂ ಪರಿಚಯ ಇಲ್ಲದ ಫಸ್ಟ್ ಇಯರ್ ಸ್ಟೂಡೆಂಟ್.’ ಕಾಲಂ ಸಾಲಲಿಲ್ಲ, ಪಕ್ಕದ ಮಾರ್ಜಿನ್‌ನಲ್ಲೂ ಬರೀಬೇಕಾಯ್ತು. ನೀವೂ ಸ್ಕ್ರಿಪ್ಟ್‌ಗೆ ಮೊದಲು ಇಂಥ ಒಂದು ವಾಕ್ಯ ಬರೆದು ನೋಡಿ.

ಸ್ಕ್ರೀನಿಂಗ್ ಡೇಟ್ ಇನ್ನೂ ಫಿಕ್ಸ್ ಆಗಿಲ್ಲ. ಅಂಕಲ್‌ಗೆ ನೈಟ್ ಡ್ಯೂಟಿ ಇಲ್ಲದ ದಿನ ನೋಡಿಕೊಂಡು ಇಡ್ತೀವಿ. ಈ ಸಲ ಅವರಿಗೆ ಸೀಟು ಹಿಡಿದಿಡೋ ಜವಾಬ್ದಾರಿ ನಮ್ಮದು. ನೀವು ಶುರುವಾಗೋ ಮೊದಲೇ ಬನ್ನಿ, ಸಮೋಸ ಹೊರಗೇ ತಿಂದು ಬನ್ನಿ.