ನೆರವು ಯಾವುದು, ನೆಲೆ ಯಾವುದು?

ತರಕಾರಿ ಹೆಚ್ಚುವಾಗ ಬೆರಳು ಕೊಯ್ದರೆ ನಾವು ತೊಳೆದು, ಬಟ್ಟೆ ಸುತ್ತಿ, ಮರೆತುಬಿಡುತ್ತೇವೆ. ಕೆಲವು ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ದಿನಗಳಲ್ಲಿ ಚರ್ಮ ಕೂಡಿಕೊಳ್ಳುತ್ತದೆ. ಈ ಮೌನ ಕಾರ್ಯಕ್ಕೆ ಮೊದಲು ಧಾವಿಸಿ ಬರುವವು ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು. ಡೆಂಗಿ ಜ್ವರದ ದಿನಗಳಲ್ಲಿ ಇವುಗಳ ಎಣಿಕೆಗಾಗಿ ಆತಂಕದಿಂದ ಕಾದ ಕುಟುಂಬಗಳು ನಮ್ಮಲ್ಲಿ ಅನೇಕ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷದಷ್ಟಿರುತ್ತವೆ.

1882ರಲ್ಲಿ ಇಟಲಿಯ ಜೂಲಿಯೊ ಬಿಜ್ಜೊಜೆರೊ ಇವುಗಳನ್ನು ವಿವರಿಸಿದಾಗ, ರಕ್ತಸ್ರಾವ ತಡೆಯುವ ಇವುಗಳ ಗುಣ ಬೆಳಕಿಗೆ ಬಂದಿತು. 1974ರಲ್ಲಿ ಅಮೆರಿಕದ ರಸೆಲ್ ರಾಸ್ ಮತ್ತು ಸಂಗಡಿಗರು, ಪ್ಲೇಟ್‌ಲೆಟ್‌ಗಳಿಂದ ಹೊರಬರುವ ಅಂಶವೊಂದು ಜೀವಕೋಶಗಳ ವೃದ್ಧಿಗೆ ಪ್ರೇರಣೆ ನೀಡುವುದನ್ನು ತೋರಿಸಿದರು. ಒಡೆದ ಕಟ್ಟೆಗೆ ತಡೆಯೊಡ್ಡಿದವರೇ ಕಟ್ಟುವವರನ್ನೂ ಕೂಗಿ ಕರೆಯುತ್ತಾರೆ ಎಂಬಂತಾಯಿತು.

ದಂತವೈದ್ಯರು ಈ ಅರಿವನ್ನು ಬಳಸಿಕೊಂಡ ಬಗೆ ಗಮನಾರ್ಹ. ಹಲ್ಲು ಕಳೆದುಕೊಂಡವರ ದವಡೆಯಲ್ಲಿ ಟೈಟಾನಿಯಂ ಲೋಹದ ಪುಟ್ಟ ಬೇರನ್ನು, ಅಂದರೆ ಇಂಪ್ಲಾಂಟನ್ನು, ನೆಟ್ಟು ಅದರ ಮೇಲೆ ಕೃತಕ ಹಲ್ಲು ಕೂರಿಸುವುದು ಇಂದು ರೂಢಿಯಲ್ಲಿದೆ. 1952ರಲ್ಲಿ ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿರಿಸಿದ್ದ ಟೈಟಾನಿಯಂ ಉಪಕರಣವನ್ನು ತೆಗೆಯಲು ಹೋದಾಗ, ಅದು ಮೂಳೆಯೊಂದಿಗೆ ಬೆಸೆದುಹೋಗಿತ್ತು. 1965ರಲ್ಲಿ ಅವರು ಮೊದಲ ರೋಗಿಗೆ ಇಂತಹ ಬೇರುಗಳನ್ನು ನೆಟ್ಟರು. ಆದರೆ ಈ ಬೆಸುಗೆಗೆ ಸಾಮಾನ್ಯವಾಗಿ ಕೆಲವು ತಿಂಗಳು ಬೇಕು. ಅಷ್ಟರಲ್ಲಿ ಬಾಯಿಯ ತೇವ ಮತ್ತು ರೋಗಾಣುಗಳ ನಡುವೆಯೇ ವಸಡಿನ ಗಾಯ ಮಾಯಬೇಕು.

ಈ ಹಂತದಲ್ಲಿ ರೋಗಿಯ ಸ್ವಂತ ರಕ್ತವೇ ನೆರವಿಗೆ ಬರಬಲ್ಲುದು. 1998ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು ದವಡೆಗೆ ಮೂಳೆ ಕಸಿ ಮಾಡುವಾಗ ಪ್ಲೇಟ್‌ಲೆಟ್‌ಸಮೃದ್ಧ ರಕ್ತರಸವನ್ನು ಬೆರೆಸಿ, ಮೂಳೆ ಬೇಗ ಬಲಿಯುವುದನ್ನು ವರದಿ ಮಾಡಿದರು. ಆ ವಿಧಾನದಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಬೆರೆಸಿ, ಬಳಿಕ ಹೆಪ್ಪುಗಟ್ಟಿಸಲು ಬೇರೊಂದನ್ನು ಸೇರಿಸಬೇಕಿತ್ತು. 2001ರಲ್ಲಿ ಫ್ರಾನ್ಸಿನ ವೈದ್ಯ ಜೋಸೆಫ್ ಶುಕ್ರೂನ್ ಇನ್ನೂ ಸರಳವಾದ ಮಾರ್ಗ ತೋರಿದರು. ತೋಳಿನಿಂದ ತೆಗೆದ ರಕ್ತಕ್ಕೆ ಏನನ್ನೂ ಬೆರೆಸದೆ, ತಡಮಾಡದೆ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ, ಕೆಂಪುಕಣಗಳು ತಳಕ್ಕಿಳಿಯುತ್ತವೆ, ತಿಳಿರಸ ಮೇಲೇರುತ್ತದೆ, ನಡುವೆ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಂಡ ಫೈಬ್ರಿನ್ ಹೆಪ್ಪು ನಿಲ್ಲುತ್ತದೆ. ಅದನ್ನು ಒತ್ತಿ ತೆಳುಪೊರೆಯಾಗಿಸಿ ಇಂಪ್ಲಾಂಟಿನ ಸುತ್ತ ಇರಿಸುತ್ತಾರೆ. ವೃದ್ಧಿಯ ಅಂಶಗಳು ಅದರಿಂದ ಹಲವು ದಿನ ನಿಧಾನವಾಗಿ ಒಸರುತ್ತವೆ.

ಹಾಗಾದರೆ ಇದು ಸಂಜೀವಿನಿಯೇ? ಇಲ್ಲಿ ವಿವೇಚನೆ ಅಗತ್ಯ. ವಸಡು ಕೂಡಿಕೊಳ್ಳಲು, ಮೊದಲ ವಾರಗಳಲ್ಲಿ ಬೇರು ಸ್ಥಿರವಾಗಲು ಇದು ಸಹಾಯಕವೆಂದು ಕೆಲವು ಅಧ್ಯಯನಗಳು ಹೇಳುತ್ತವೆ. ಆದರೆ ಇಂಪ್ಲಾಂಟು ಹೆಚ್ಚು ವರ್ಷ ಬಾಳುತ್ತದೆ ಎಂಬುದು ಖಚಿತವಾಗಿ ಸಿದ್ಧಪಟ್ಟಿಲ್ಲ; ಇದಿಲ್ಲದೆಯೂ ಬಹುಪಾಲು ಇಂಪ್ಲಾಂಟುಗಳು ಯಶಸ್ವಿಯಾಗುತ್ತವೆ. ತತ್ತ್ವಶಾಸ್ತ್ರವು ಮೂಲಕಾರಣವನ್ನೂ ಸಹಕಾರಿಯನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಗೊಬ್ಬರ ಬೀಜಕ್ಕೆ ಸಹಕಾರಿ. ನೆಲವೇ ಇಲ್ಲದಿದ್ದರೆ ಗೊಬ್ಬರವೇನು ಮಾಡೀತು? ಸಾಕಷ್ಟು ಮೂಳೆ, ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆ, ಧೂಮಪಾನದ ತ್ಯಾಗ, ಬಾಯಿಯ ಶುಚಿತ್ವ, ವೈದ್ಯರ ಕೌಶಲ: ಇವೇ ಇಲ್ಲಿನ ನೆಲ.

ರೊಟ್ಟಿ ಅಗಿಯಲಾರದೆ ಗಂಜಿಗೇ ತೃಪ್ತರಾದ ತಂದೆತಾಯಿಗೆ ಮತ್ತೆ ಊಟದ ರುಚಿ ಕಾಣಿಸಬೇಕೆಂದು ಮಕ್ಕಳು ಬಯಸುವುದು ಸಹಜ. ಆ ಮಮತೆಯ ಭರದಲ್ಲಿ, ದುಬಾರಿಯಾದುದೇ ಉತ್ತಮವೆಂದು ಭಾವಿಸಿ ಸಾಲ ಮಾಡಬೇಕಾಗಿಲ್ಲ. "ಈ ರೋಗಿಗೆ ಇದರಿಂದ ದೊರೆಯುವ ಪ್ರಯೋಜನವೇನು? ಇದಿಲ್ಲದಿದ್ದರೆ ಆಗುವ ನಷ್ಟವೇನು?" ಎಂದು ವೈದ್ಯರನ್ನು ವಿನಯದಿಂದ ಕೇಳೋಣ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸೋಣ. ನಾವಾಗಿಯೇ ಅದನ್ನು ನಿಲ್ಲಿಸುವುದು ಬೇಡ. ಶಸ್ತ್ರಕ್ರಿಯೆಯ ಬಳಿಕ ಹೇಳಿದ ದಿನ ತಪ್ಪದೆ ಹೋಗಿ ತೋರಿಸೋಣ. ರಕ್ತ ತನ್ನ ಪಾಲಿನ ಕೆಲಸ ಮಾಡುತ್ತದೆ. ಉಳಿದ ಪಾಲು ನಮ್ಮದು.